ತುಟಿಯಂಚಿನ ಹಲ್ಲು

ಕತೆ ಹೇಳುವುದಕ್ಕೆ ಮನುಷ್ಯನಿಗೆ ಇನ್ನೂ ಬಾಯಿ ಬಂದಿರದ ಕಾಲ. ಆಗ ಒಂದು ಸಮುದ್ರವಿತ್ತಂತೆ, ಅದರ ತಳದಲ್ಲಿ ಒಂದು ಬಸವನಹುಳು ಇತ್ತಂತೆ. ಕೈ ಇಲ್ಲ, ಕಾಲು ಒಂದೇ, ಹಲ್ಲು ಮಾತ್ರ ಬಾಯೊಳಗಿನದು ಸಾಲದೆಂದು ಚಿಪ್ಪಿನ ತುಟಿಯ ಮೇಲೂ ಒಂದು. ನೆರೆಮನೆಯ ಕಪ್ಪೆಚಿಪ್ಪು ಉಸಿರಾಡಲೆಂದು ಕದವನ್ನು ಕೂದಲೆಳೆಯಷ್ಟು ತೆರೆದರೆ ಸಾಕು, ಆ ಹಲ್ಲನ್ನು ಸಂದಿಗೆ ಕೊಟ್ಟು ಕೂತುಬಿಡುತ್ತಿತ್ತು. ಒಳಗಿನದು ಕದ ಮುಚ್ಚಲಾರದು, ಹೊರಗಿನದು ಜಾಗ ಬಿಡದು. ಹಾಗೆ ಉಂಡು, ಬೆಳೆದು, ಒಂದು ದಿನ ಕೆಸರಲ್ಲಿ ಹೂತುಹೋಯಿತು. ಕೆಸರು ಕಲ್ಲಾಯಿತು, ಸಮುದ್ರ ಹಿಂದೆ ಸರಿಯಿತು, ಕಲ್ಲಿನ ಮೇಲೆ ಊರು ಬಂತು, ಊರಿಗೆ ಕಲ್ಲು ಬೇಕೆಂದು ಕ್ವಾರಿ ಬಂತು, ಕ್ವಾರಿಗೆ ಈ ಕತೆಯ ಹುಡುಗಿ ಚಿಪ್ಪಿನವಳ ಸೋದರಮಾವ ಬಂದ.

ಮಾವ ಅಲ್ಲಿ ಅಗೆಯುವ ಯಂತ್ರ ಓಡಿಸುತ್ತಿದ್ದ. ಹತ್ತೊಂಬತ್ತು ವರ್ಷದ ಹಿಂದೆ ಯಂತ್ರದ ಬಾಯಿಂದ ಉದುರಿದ ಹೆಂಟೆಯೊಂದರಲ್ಲಿ ಹೆಬ್ಬೆರಳಷ್ಟು ದಪ್ಪದ ಚಿಪ್ಪು ಇಣುಕುತ್ತಿರುವುದನ್ನು ಕಂಡು, ಊಟದ ಡಬ್ಬಿಯಲ್ಲಿಟ್ಟುಕೊಂಡು ಮ್ಯೂಸಿಯಂಗೆ ತಂದುಕೊಟ್ಟ. ಇದು ಯಾರೂ ಕಾಣದ ಜಾತಿ ಇರಬಹುದು, ವಿವರ ಬರೆದು ಅಚ್ಚು ಹಾಕಿಸುತ್ತೇವೆ, ನಿಮ್ಮ ಕ್ವಾರಿಯದೆಂದೂ ಬರೆಯುತ್ತೇವೆ ಎಂದರು ಅಲ್ಲಿನವರು. ಆಮೇಲೆ ಅದು ಡ್ರಾಯರು ಸೇರಿತು, ಬರೆಯುತ್ತೇವೆ ಎಂದವರು ನಿವೃತ್ತಿಯಾದರು. ಅಂದು ಮಾವನ ಬೆರಳು ಹಿಡಿದು ಹೋಗಿದ್ದ ಏಳು ವರ್ಷದ ಸೊಸೆ ಓದಿ ದೊಡ್ಡವಳಾಗಿ ಅದೇ ಮ್ಯೂಸಿಯಂನ ಚಿಪ್ಪುಗಳ ವಿಭಾಗಕ್ಕೆ ಸೇರಿದಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಚಿಪ್ಪಿನವಳು. ಸೇರಿದ ದಿನವೇ ಮಾವನಿಗೆ ಮಾತು ಕೊಟ್ಟಳು, ನಿನ್ನ ಹುಳವನ್ನು ನಾನೇ ಬರೆಯುತ್ತೇನೆಂದು. ಅಂದಿನಿಂದ ಪ್ರತಿ ಭಾನುವಾರ ತಂಗಿಯ ಮನೆಗೆ ಊಟಕ್ಕೆ ಬರುವ ಮಾವ ಕೈ ತೊಳೆಯುವ ಮೊದಲೇ ಕೇಳುತ್ತಿದ್ದ.

"ನನ್ನ ಹುಳ ಎಲ್ಲಿಗೆ ಬಂತಮ್ಮ? ಅದು ಜೀವಂತ ಇದ್ದಾಗಲೇ ನಿನಗಿಂತ ಬೇಗ ನಡೀತಿತ್ತು ಅನ್ಸುತ್ತೆ."

ಬರೆಯುವುದೆಂದರೆ ಸುಮ್ಮನೆಯೇ? ಎತ್ತರ, ಅಗಲ, ಸುತ್ತುಗಳೆಷ್ಟು, ಸುತ್ತಿನ ಮೇಲೆ ಉಬ್ಬಿದ ಏಣುಗಳೆಷ್ಟು ಎಂದು ಅಳೆಯಬೇಕು. ಹೆಣ್ಣು ನೋಡಲು ಬಂದವರ ಹಾಗೆ ಕುಲಗೋತ್ರವನ್ನೆಲ್ಲ ಕೆದಕಬೇಕು. ಚಿಪ್ಪಿನವಳು ಹತ್ತಿರದ ಹನ್ನೊಂದು ನೆಂಟರ ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದಳು. ಏಣು, ಸುತ್ತು, ಬಾಲ, ಎಲ್ಲ ಒಂದೇ ಅಚ್ಚು. ಹನ್ನೊಂದರಲ್ಲಿ ಒಂದಕ್ಕೂ ತುಟಿಯ ಮೇಲೆ ಹಲ್ಲಿಲ್ಲ. ಹಲ್ಲಿದ್ದರೆ ಮಾವನದು ಹೊಸ ಜಾತಿ. ಹಲ್ಲು ಹೋದರೆ ಹಳೇ ನೆಂಟನದೇ ಇನ್ನೊಂದು ಚಿಪ್ಪು, ಬರೆಯುವುದಕ್ಕೆ ಏನೂ ಇಲ್ಲ. ಸುಳ್ಳು ಹಲ್ಲನ್ನು ನಂಬಿ ಬರೆದುಬಿಟ್ಟರಂತೂ ಮುಂದೆ ಅವಳು ಬರೆದದ್ದನ್ನು ಯಾರೂ ಓದರು.

ಅನುಮಾನದ ಹುಳ ತಲೆ ಹೊಕ್ಕದ್ದು ಚಿಪ್ಪನ್ನು ಬೋರಲು ಹಾಕಿದ ದಿನ. ಮುಂಭಾಗ ಕನ್ನಡಿಯಷ್ಟು ಚೊಕ್ಕಟ, ಬೆನ್ನು ಮಾತ್ರ ಹಾಗೇ ಕಲ್ಲಿನಲ್ಲಿ. ಮುಖ ತೊಳೆದು ಮೈ ತೊಳೆಯದೆ ಎದ್ದುಬಂದ ಮಗುವಿನ ಹಾಗೆ. ತಟ್ಟೆಯೊಳಗೆ ಹಳದಿಗಟ್ಟಿದ ಚೀಟಿ: ಇನ್ನು ಸ್ವಚ್ಛ ಮಾಡುವಂತಿಲ್ಲ. ಕೈಬರಹ ಸೂಜಿಯಣ್ಣನದು.

ಸೂಜಿಯಣ್ಣ ನೆಲಮಾಳಿಗೆಯ ಕೋಣೆಯಲ್ಲಿ ಸೂಜಿ ಹಿಡಿದು ಕಲ್ಲಿನಿಂದ ಪಳೆಯುಳಿಕೆ ಬಿಡಿಸುವವನು. ಬಸವನಹುಳುವಿನ ಹೊಕ್ಕುಳಲ್ಲೂ ಧೂಳು ಬಿಡದ ಆಸಾಮಿ. ಬೆನ್ನನ್ನೇಕೆ ಬಿಟ್ಟಿರೆಂದು ಅವಳು ಕೇಳಿದ್ದಕ್ಕೆ, ಬೆನ್ನು ಯಾರು ನೋಡುತ್ತಾರೆ ಎಂದುಬಿಟ್ಟ. ಮಾತು ಅಲ್ಲಿಗೇ ನಿಂತಿದ್ದರೆ ಅವಳೂ ಮರೆಯುತ್ತಿದ್ದಳೇನೋ. ಆದರೆ ಮಾರನೆಯ ದಿನದಿಂದ, ಮೆಟ್ಟಿಲು ಕಂಡರೆ ಮೊಣಕಾಲು ಹಿಡಿದುಕೊಳ್ಳುವ ಮನುಷ್ಯ ಅವಳಿರುವ ಮೂರನೆಯ ಮಹಡಿಗೆ ಹತ್ತಿ ಬರತೊಡಗಿದ. ಒಂದು ದಿನ ಕತ್ತರಿ ಬೇಕೆಂದ. ಇನ್ನೊಂದು ದಿನ ಗಡಿಯಾರ ಸರಿಯಿದೆಯೇ ನೋಡಲು ಬಂದೆನೆಂದ. ಬಂದಾಗಲೆಲ್ಲ ಕಣ್ಣು ಮಾವನ ಚಿಪ್ಪಿದ್ದ ಹದಿನಾಲ್ಕನೇ ಡ್ರಾಯರಿನ ಮೇಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಕಂಡಿದ್ದಳು. ಇವನು ಯಾರೂ ಏನೂ ಅನ್ನುವ ಮೊದಲೇ ಹೆಗಲು ಒರೆಸಿಕೊಳ್ಳುತ್ತಿದ್ದ.

ಮ್ಯೂಸಿಯಂನಲ್ಲಿ ನೇರಳೆ ಬೆಳಕಿನ ದೀಪವೊಂದಿದೆ. ಕಣ್ಣಿಗೆ ಕಾಣದ ಅಂಟು ಆ ಬೆಳಕಲ್ಲಿ ಹೊಳೆಯುತ್ತದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಪರದೆ ಎಳೆದು ಚಿಪ್ಪಿಗೆ ಹಿಡಿದಳು. ಹಲ್ಲಿನ ಬುಡವನ್ನು ಸುತ್ತಿ ಎಳೆನೂಲಿನಂಥ ನೀಲಿ ಗೆರೆ ಎದ್ದುನಿಂತಿತು.

ಅಂಟಿಸಿದ ಹಲ್ಲು.

ಅಂದಿನಿಂದ ಚಿಪ್ಪನ್ನು ಡ್ರಾಯರಿನಲ್ಲಿ ಇಡಲಿಲ್ಲ. ಅಮ್ಮನ ಹಳೇ ಕನ್ನಡಕದ ಪೆಟ್ಟಿಗೆಗೆ ಹತ್ತಿ ತುಂಬಿ, ಅದರೊಳಗೆ ಮಲಗಿಸಿ, ಕೈಚೀಲದಲ್ಲಿ ಇಟ್ಟುಕೊಂಡಳು. ಡ್ರಾಯರು ಖಾಲಿಯಾದದ್ದು ಸೂಜಿಯಣ್ಣನಿಗೆ ಎರಡೇ ದಿನದಲ್ಲಿ ತಿಳಿಯಿತು. ಎಲ್ಲಿ ಎಂದು ಕೇಳಿದ. ಅಳತೆಗೆ ಎಂದಳು. ಆಮೇಲೆ ಇಬ್ಬರೂ ಎದುರಾದಾಗಲೆಲ್ಲ ಹವಾಮಾನದ ಬಗ್ಗೆ ಮಾತಾಡಿದರು.

ಭಾನುವಾರ ಮಾವ ಬಂದ. ಊಟಕ್ಕೆ ಇನ್ನೂ ಹೊತ್ತಿತ್ತು. ಅಮ್ಮ ಹಿಡಿ ಮುರಿದ ಪಿಂಗಾಣಿ ಲೋಟ ತಂದು ಅಣ್ಣನ ಮುಂದಿಟ್ಟಳು. ಆ ಮನೆಯಲ್ಲಿ ಒಡೆದದ್ದನ್ನೆಲ್ಲ ಜೋಡಿಸುವವನು ಅವನೇ. ಮಾವ ಅಂಟು ತೆಗೆದ, ಜೇಬಿನಿಂದ ಪೊಟ್ಟಣ ಬಿಚ್ಚಿ ಚಿಟಿಕೆ ಬಿಳಿ ಪುಡಿ ಬೆರೆಸಿದ, ಒಂದು ಕಡ್ಡಿಯಿಂದ ಹಚ್ಚಿ ಒತ್ತಿ ಹಿಡಿದ. ಕಲ್ಲಿನ ಪುಡಿ, ಹೀಗೆ ಬೆರೆಸಿದರೆ ಬಿರುಕು ಯಾವನಿಗೂ ಕಾಣುವುದಿಲ್ಲ ಎಂದು ತಂಗಿಗೆ ಹೆಮ್ಮೆಯಿಂದ ವಿವರಿಸಿದ.

ಇಷ್ಟು ದಿನ ಚಿಪ್ಪಿನವಳ ಅನುಮಾನ ನೆಲಮಾಳಿಗೆಯಲ್ಲಿತ್ತು, ಈಗ ಮನೆಯೊಳಗೇ ಬಂದು ಚಾಪೆ ಹಾಸಿಕೊಂಡು ಕೂತಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಮೆಲ್ಲಗೆ ಕೇಳಿದಳು, ಚಿಪ್ಪು ಸಿಕ್ಕಾಗ ಹಲ್ಲು ಅದರ ಮೇಲೇ ಇತ್ತಾ ಮಾವ, ನೀನು ಏನಾದರೂ ರಿಪೇರಿ ಮಾಡಿದ್ದೆಯಾ ಎಂದು.

ಮಾವ ಲೋಟ ಕೆಳಗಿಟ್ಟ. "ಅಂದ್ರೆ, ಸತ್ತ ಹುಳಕ್ಕೆ ಹಲ್ಲು ಕಟ್ಟಿಸಿ ತಂದೆ ಅಂತೀಯಾ?"

"ಹಾಗಲ್ಲ ಮಾವ."

"ಹಾಗೇ. ಆವತ್ತು ಕಲ್ಲೊಳಗಿಂದ ಬರೀ ಅದರ ಬೆನ್ನಿನ ತುದಿ ಕಾಣ್ತಿತ್ತು. ತುಟಿ ಎಲ್ಲಿದೆ ಅಂತಾನೇ ನನಗೆ ಗೊತ್ತಿರಲಿಲ್ಲ." ಚಪ್ಪಲಿ ಮೆಟ್ಟಿಕೊಂಡು ಊಟ ಮಾಡದೆ ಹೊರಟುಹೋದ. ಅಮ್ಮ ಮಗಳನ್ನು ನೋಡಿದ ನೋಟಕ್ಕೆ ಹಾಲಿದ್ದರೆ ಒಡೆಯುತ್ತಿತ್ತು.

ಸೋಮವಾರ ಬೆಳಿಗ್ಗೆ ಅವಳು ನೆಲಮಾಳಿಗೆಗೆ ಇಳಿದಳು. ಕನ್ನಡಕದ ಪೆಟ್ಟಿಗೆ ತೆರೆದು ಸೂಜಿಯಣ್ಣನ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನೀಲಿ ಗೆರೆಯ ಫೋಟೊ ಇಟ್ಟಳು. ಅವನು ಫೋಟೊವನ್ನು ಬಹಳ ಹೊತ್ತು ನೋಡಿದ.

"ಮುರಿದದ್ದೂ ನಾನೇ, ಅಂಟಿಸಿದ್ದೂ ನಾನೇ," ಎಂದ. ಕೆಲಸಕ್ಕೆ ಸೇರಿದ ಮೊದಲ ತಿಂಗಳಂತೆ. ಸೂಜಿ ಜಾರಿತು, ಹಲ್ಲು ಹಾರಿತು. ಎರಡು ದಿನ ನೆಲ ಗುಡಿಸಿ ಹುಡುಕಿ, ಸಿಕ್ಕ ಚೂರನ್ನು ಯಾರಿಗೂ ಹೇಳದೆ ಕೂರಿಸಿದನಂತೆ.

ಚಿಪ್ಪಿನವಳು ನೆಲ ನೋಡಿದಳು. ಸಾವಿರಾರು ಜೀವಗಳ ಪುಡಿ ಬಿದ್ದಿರುವ ನೆಲ. "ಗುಡಿಸಿದ ಕಸದಲ್ಲಿ ಸಿಕ್ಕ ಚೂರು ಇದರದ್ದೇ ಅಂತ ಹೇಗೆ ಗೊತ್ತು?"

"ಗೊತ್ತಿಲ್ಲ," ಎಂದ ಸೂಜಿಯಣ್ಣ. "ಕೂತುಕೊಂಡಿತು, ಅಷ್ಟೇ. ಹತ್ತೊಂಬತ್ತು ವರ್ಷದಿಂದ ನನಗೂ ಗೊತ್ತಿಲ್ಲ."

ಆಗ ಅವಳಿಗೆ ಬೆನ್ನಿನ ಕಲ್ಲು ಅರ್ಥವಾಯಿತು. ಇಂಥ ಹುಳು ಬೆಳೆಯುತ್ತ ಹೋದಂತೆ ಹಲ್ಲೂ ಮುಂದೆ ಸರಿಯುತ್ತದೆ, ಸರಿದ ದಾರಿಯಲ್ಲಿ ಚಿಪ್ಪಿನ ಬೆನ್ನಿನ ಮೇಲೆ ಒಂದು ತೋಡು ಉಳಿಯುತ್ತದೆ. ನಿಜವಾದ ಹಲ್ಲಾದರೆ ತೋಡು ಇರಲೇಬೇಕು. ಕಲ್ಲು ತೆಗೆದಾಗ ತೋಡು ಇಲ್ಲದೆ ಹೋದರೆ ಎಂಬ ಭಯಕ್ಕೆ ಇವನು ಕಲ್ಲನ್ನೇ ತೆಗೆದಿರಲಿಲ್ಲ.

ಈಗ ತೆಗೆಯಿರಿ ಎಂದಳು. ಅವನು ಸೂಜಿಯನ್ನು ಅವಳ ಕಡೆಗೆ ತಳ್ಳಿದ.

"ನಾನು ತೆಗೆದ್ರೆ, ತೋಡನ್ನೂ ಇವನೇ ಕೊರೆದಿರಬಹುದು ಅಂತ ನಾಳೆ ನೀನೇ ಅಂದ್ಕೋತೀಯ. ನೀನು ಹಿಡಿ. ನಾನು ಕೈ ಹಿಂದೆ ಕಟ್ಟಿಕೊಂಡು ಕೂರ್ತೀನಿ."

ಹಾಗೇ ಕೂತ. ಮೂರು ದಿನ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅವಳು ಕಣಕಣವಾಗಿ ಕಲ್ಲು ಬಿಡಿಸಿದಳು. ಪಕ್ಕದ ಇನ್ನೊಂದು ಕಿಂಡಿಯಿಂದ ನೋಡುತ್ತ ಅವನು ಮಾತಲ್ಲೇ ಅವಳ ಕೈ ಹಿಡಿದು ನಡೆಸಿದ. ಸೂಜಿಯನ್ನು ಚುಚ್ಚಬೇಡ, ಮೀಟು. ಉಸಿರು ಬಿಟ್ಟ ಮೇಲೆ ಒತ್ತು. ಬೇಸರವಾದರೆ ಎದ್ದು ಹೋಗು, ನಾನು ಜಾರಿಸಿದ್ದು ಬೇಸರದಲ್ಲಿ. ಮೊದಲ ದಿನ ಅವಳು ಎದ್ದು ಹೋಗುವಾಗ ಚಿಪ್ಪನ್ನೂ ಜತೆಗೇ ಒಯ್ದಳು. ಅವನು ಅದನ್ನು ನೋಡಿದ. ಎರಡನೆಯ ದಿನವೂ ಒಯ್ದಳು.

ಮೂರನೆಯ ದಿನ ಒಂದು ಏಣಿನ ಪಕ್ಕ ಕಲ್ಲು ಹಪ್ಪಳದಂತೆ ಎದ್ದಿತು. ಅಡಿಯಲ್ಲಿ ಸಣ್ಣ ತಗ್ಗು. ತಗ್ಗಿನ ಮುಂದೆ ತಗ್ಗು. ಬೆಳವಣಿಗೆಯ ಗೆರೆಗಳು ಒಂದೊಂದೂ ಆ ತೋಡಿನ ಬಳಿ ಬಂದು, ಬಾಗಿ ಇಳಿದು, ಮತ್ತೆ ಹತ್ತಿ ಹೋಗುತ್ತಿದ್ದವು. ಸೂಜಿಯಿಂದ ತೋಡು ಕೊರೆಯಬಹುದು, ಗೆರೆಗಳನ್ನು ಹಾಗೆ ಬಗ್ಗಿಸಲು ಬ್ರಹ್ಮನಿಂದಲೂ ಆಗದು. ಅವಳು ತೋಡಿನ ದಾರಿ ಹಿಡಿದು ಸುತ್ತು ಬಳಸಿ ಬಂದಳು. ಅದು ತುಟಿಯಂಚಿಗೆ ಬಂದು ನೇರ ಹಲ್ಲಿನ ಬುಡಕ್ಕೆ ಸೇರಿತು. ತೋಡಿನ ಅಗಲ, ಹಲ್ಲಿನ ಅಗಲ, ಎರಡೂ ಒಂದೇ. ಮೂರು ಸಲ ಅಳೆದಳು.

ಸೂಜಿಯಣ್ಣ ಕಟ್ಟಿದ್ದ ಕೈ ಬಿಚ್ಚಿ ಮುಖ ಒರೆಸಿಕೊಂಡ. ಕಲ್ಲಿನ ಧೂಳು ಕಣ್ಣಿಗೆ ಹೋಯಿತೆಂದ. ಅಂದು ಅವಳು ಚಿಪ್ಪನ್ನು ಅವನ ಮೇಜಿನ ಮೇಲೇ ಬಿಟ್ಟು ಊಟಕ್ಕೆ ಹೋದಳು.

ಆಮೇಲಿನದು ಬರವಣಿಗೆ. ಚಿಪ್ಪು ಸ್ವಚ್ಛ ಮಾಡುವಾಗ ಹಲ್ಲು ಮುರಿದು ಮತ್ತೆ ಜೋಡಿಸಿದ್ದು ಎಂಬ ವಾಕ್ಯ ಬೇಡವೆಂದು ಸೂಜಿಯಣ್ಣ ಒಮ್ಮೆ ಕೇಳಿದ. ಅದಿಲ್ಲದಿದ್ದರೆ ನಾಳೆ ಇನ್ನೊಬ್ಬಳು ದೀಪ ಹಿಡಿಯುತ್ತಾಳೆ ಎಂದಳು ಅವಳು. ಅವನು ಎರಡನೆಯ ಸಲ ಕೇಳಲಿಲ್ಲ. ಹುಳಕ್ಕೆ ಕದ ಮೀಟುವುದು ಎಂಬರ್ಥದ, ವಿಜ್ಞಾನಿಗಳು ಬಳಸುವ ಹಳೇ ಭಾಷೆಯ ಹೆಸರಿಟ್ಟು, ಹಲ್ಲು ತೋಡುಗಳ ಅಳತೆ ಕೊಟ್ಟು, ಹನ್ನೊಂದು ನೆಂಟರಿಗಿಂತ ಹೇಗೆ ಬೇರೆಯೆಂದು ವಿವರಿಸಿ ವಿಜ್ಞಾನ ಪತ್ರಿಕೆಗೆ ಕಳಿಸಿದಳು. ಪತ್ರಿಕೆಯ ಪರೀಕ್ಷಕರು ಐದು ತಿಂಗಳು ಕಾಯಿಸಿದರು. ಅಷ್ಟೂ ಭಾನುವಾರ ಮಾವ ಬರಲಿಲ್ಲ.

ಅಚ್ಚಾದ ಪ್ರತಿ ಕೈಗೆ ಬಂದ ದಿನ ಅವಳೇ ಅವನ ಮನೆಗೆ ಹೋದಳು. ಮಾವ ಬಾಗಿಲನ್ನು ಅರ್ಧ ತೆರೆದು ನಿಂತ. ಅವಳು ಸಂದಿಯಿಂದಲೇ ಹಾಳೆ ಚಾಚಿದಳು. ಅವನು ಕನ್ನಡಕ ಏರಿಸಿ, ಅಂಗಡಿಯವನು ಹರಿದ ನೋಟು ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿದ. ಬೆರಳು ತನ್ನ ಕ್ವಾರಿಯ ಸಾಲಿನ ಮೇಲೆ ನಿಂತಿತು, ಅಲ್ಲಿಂದ ಕೆಳಗಿಳಿಯಿತು.

"ಹಲ್ಲು ಜೋಡಿಸಿದ್ದು ಮ್ಯೂಸಿಯಂನವರು ಅಂತಾನೂ ಬರೆದಿದ್ದೀಯ."

"ಬರೆದಿದ್ದೀನಿ ಮಾವ."

ಅವನು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡ. ಹಾಳೆ ಮಡಿಸಿ ಜೇಬಿಗಿಟ್ಟ.

"ಆವತ್ತಿನ ಊಟ ಇನ್ನೂ ಬಾಕಿ ಇದೆ ಅಂತ ನಿಮ್ಮಮ್ಮನಿಗೆ ಹೇಳು," ಎನ್ನುತ್ತ ಬಾಗಿಲು ಪೂರ್ತಿ ತೆರೆದು ಚಪ್ಪಲಿ ಹುಡುಕತೊಡಗಿದ.