ಕುವೈತಿಗೆ ನಾಲ್ಕು ಗಂಟೆ

ಕಸ್ತೂರಿರಂಗ ಮೇಷ್ಟರಿಗೆ ತಿರುವುಗಳೆಂದರೆ ಆಗುತ್ತಿರಲಿಲ್ಲ. ಮಳವಳ್ಳಿಯ ಪೇಟೆಬೀದಿ ಬಳಸಿ ಬರುವುದನ್ನು ಬಿಟ್ಟು, ಪಂಚೆಯ ಅಂಚು ಕೆಸರಾದರೂ ಲೆಕ್ಕಿಸದೆ, ಗದ್ದೆಯ ಬದುವಿನ ಮೇಲೆ ನೇರವಾಗಿ ಶಾಲೆಗೆ ನಡೆದು ಬರುತ್ತಿದ್ದರು. ಕೇಳಿದರೆ, "ಹಕ್ಕಿ ಎಲ್ಲಾದರೂ ಸುತ್ತಿಕೊಂಡು ಹೋಗತ್ತೇನ್ರೀ?" ಎನ್ನುತ್ತಿದ್ದರು.

ಅವರು ಭೂಗೋಳದ ಮೇಷ್ಟರು, ನಾನು ಕನ್ನಡದವನು. ಮೊಣಕೈ ಸವೆದ ಅವರ ಕಂದು ಕೋಟಿನ ಜೇಬಿನಲ್ಲಿ, ಜನಿವಾರಕ್ಕೆಂದು ತಂದ ನೂಲಿನ ಎಳೆಯೊಂದು ಸದಾ ಇರುತ್ತಿತ್ತು. ಐನೂರು ಮೈಲಿಗೊಂದರಂತೆ ಅದಕ್ಕೆ ಗಂಟು. ಯಾವ ಎರಡು ಊರಿನ ಹೆಸರು ಹೇಳಿದರೂ ಶಾಲೆಯ ಗ್ಲೋಬಿನ ಮೇಲೆ ಆ ನೂಲನ್ನು ಬಿಗಿಹಿಡಿದು, ಕಣ್ಣು ಕಿರಿದು ಮಾಡಿ, ವಿಮಾನಕ್ಕೆ ಇಷ್ಟು ದೂರ, ಇಷ್ಟು ಗಂಟೆ ಎಂದು ಅಪ್ಪಣೆ ಕೊಡಿಸುತ್ತಿದ್ದರು. ತಾವು ವಿಮಾನವನ್ನು ಕಂಡದ್ದು ಮಾತ್ರ ನೆಲದ ಮೇಲೆ ನಿಂತು, ತಲೆಯೆತ್ತಿ.

ಎಪ್ಪತ್ತಾರರಲ್ಲಿ ಲಾರಿ ಮೆಕ್ಯಾನಿಕ್ ವಾಜಿದ್ ಕುವೈತಿಗೆ ಹೋದ. ಬೊಂಬಾಯಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹತ್ತಿದೆ, ಹತ್ತೂವರೆಗೆ ಇಲ್ಲಿ ಇಳಿದೆ ಎಂದು ಕಾಗದ ಬರೆದ. ಬೊಂಬಾಯಿಯೊಂದು ದಾಟಿದರೆ ಕುವೈತು ಮೈಸೂರಿಗಿಂತ ಹತ್ತಿರವೆಂದು ಬೀದಿಗೆ ಬೀದಿಯೇ ನಂಬಿತು. ಅವನ ಹೆಂಡತಿ ಮಹಮೂದಾ ಅದನ್ನು ಹಿಗ್ಗಿನಿಂದ ಹೇಳಲು ಬಂದಾಗ ಮೇಷ್ಟರಿಗೆ ತಪ್ಪು ತಿದ್ದದೆ ಇರಲಾಗಲಿಲ್ಲ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ, ದೂರ ಸಾವಿರದ ಏಳುನೂರು ಮೈಲಿ, ಪ್ರಯಾಣ ಪೂರಾ ನಾಲ್ಕು ಗಂಟೆ ಎಂದು ನೂಲು ಹಿಡಿದು ಬಿಡಿಸಿ ಹೇಳಿದರು.

ಆಕೆಯ ಮುಖ ಸಪ್ಪಗಾಯಿತು. "ಒಂದೂವರೆ ಗಂಟೆ ಅಂದ್ಕಂಡು ಇಷ್ಟ್ ದಿನ ಎಂಗೋ ನಿದ್ದೆ ಮಾಡ್ತಿದ್ದೆ, ಮೇಷ್ಟ್ರೇ" ಎಂದಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಅಮ್ಮಾವ್ರು ಅಲಗೂರಲ್ಲವ್ರಂತಲ್ಲ, ಅದೆಷ್ಟ್ ಗಂಟೆ ದಾರಿ?"

ಮೇಷ್ಟರು ನೂಲನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡರು.

ಅವರ ಮಡದಿ ಗೋದಮ್ಮ ಹಲಗೂರಿನ ತವರು ಸೇರಿ ಆರು ವರ್ಷವಾಗಿತ್ತು. ಮಾವ ತೀರಿಕೊಂಡ ದಿನ ಪರೀಕ್ಷೆಯಿದೆಯೆಂದು ಇವರು ಹೋಗಲಿಲ್ಲ. ಒಬ್ಬರೇ ಹೋದ ಆಕೆ ಮರಳಲಿಲ್ಲ. ತವರಿಗೆ ಹೋದ ಹೆಂಡತಿಯನ್ನು ಗಂಡನೇ ಹೋಗಿ ಕರೆತರಬೇಕು, ಅದು ಪದ್ಧತಿ. ಕರೆದರೆ ಬರುತ್ತೇನೆಂದು ಆಕೆ, ಬಂದರೆ ಬೇಡವೆನ್ನೆನೆಂದು ಈತ. ಬಸ್ಸಿಗೆ ಮುಕ್ಕಾಲು ಗಂಟೆಯ ದಾರಿ.

ಆ ಭಾನುವಾರ ಬೆಳಿಗ್ಗೆ ಮೇಷ್ಟರು ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ನಮ್ಮ ಮನೆಗೆ ಬಂದರು. "ಹಲಗೂರಿಗೆ ಬರ್ತೀರಾ? ಒಬ್ಬನೇ ಹೋಗೋಕೆ ಒಂಥರಾ." ನನಗಂತೂ ಹಿಗ್ಗೋ ಹಿಗ್ಗು.

ಬಸ್ಸಿಳಿದು ಬೀದಿಯ ಮೂಲೆ ತಲುಪಿದಾಗ ಗೋದಮ್ಮ ಜಗಲಿಯ ಮೇಲೆ ತೊಗರಿಬೇಳೆ ಕೇರುತ್ತಿದ್ದರು. ತಲೆಗೂದಲು ಪೂರ್ತಿ ನರೆತಿತ್ತು. ಮೇಷ್ಟರ ಹೆಜ್ಜೆ ನಿಂತಿತು. ಆಕೆ ತಲೆಯೆತ್ತಿ ನೋಡಿದರು. ಮೊರ ಪಕ್ಕಕ್ಕಿಟ್ಟು ಒಳಗೆ ಹೋದರು. ಒಂದು ಚೊಂಬಿನ ತುಂಬ ಕಾಲಿಗೆ ನೀರು ತಂದು ಹೊಸ್ತಿಲಾಚೆ ಇಟ್ಟು, ಬಾಗಿಲು ತೆರೆದೇ ಬಿಟ್ಟು ಮರೆಯಾದರು.

"ನೀರಿಟ್ಟಿದ್ದಾರಲ್ರೀ, ನಡೀರಿ" ಎಂದೆ.

"ಯಾರೋ ನೆಂಟರು ಬರೋರಿರಬೇಕು. ಇವತ್ತು ಬೇಡ, ಮುಂದಿನ ವಾರ ಬರೋಣ" ಎಂದು ಮೇಷ್ಟರು ಬಸ್ ನಿಲ್ದಾಣದ ಕಡೆ ತಿರುಗಿಬಿಟ್ಟರು.

ಬಸ್ಸಿನಲ್ಲಿ ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು; ಮಳವಳ್ಳಿ ಸೇರುವಷ್ಟರಲ್ಲಿ ಅದು ಕನಿಕರಕ್ಕೆ ತಿರುಗಿತ್ತು. ಆ ಮುಂದಿನ ವಾರ ಬರಲೇ ಇಲ್ಲ. ಇಂಥವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಲ್ಲಿ ಪ್ರೀತಿಯಿಲ್ಲವೆಂದಲ್ಲ, ಹಟವೂ ಎಂದೋ ಕರಗಿರುತ್ತದೆ. ಆದರೆ ಕಾಲಿಗೆ ನೀರಿಟ್ಟು ಕಾದರೂ, ಆ ನೀರು ತಮಗೇ ಎಂಬುದನ್ನು ಅವರು ಕೊನೆಯವರೆಗೂ ನಂಬುವುದಿಲ್ಲ.