ಎರಡು ಬೆರಳಿನ ಸಡಿಲ

ಮರದಪ್ಪ ಟೇಪನ್ನು ಕಾಂಡಕ್ಕೆ ಎರಡನೇ ಸಲ ಸುತ್ತಿ, ಕನ್ನಡಕ ಹಣೆಗೇರಿಸಿ ಓದಿದರು. ಆಮೇಲೆ ಜೇಬಿನಿಂದ ಅರ್ಜಿ ತೆಗೆದು ಅದನ್ನೂ ಓದಿದರು. ಎರಡೂ ಹೊಂದಲಿಲ್ಲ.

"ಏನಮ್ಮಾ, ಇದು ನೀವೇ ಬರೆದಿದ್ದಾ? ಮೂವತ್ತೂಕಾಲು ಇಂಚು?"

"ಹೌದು ಸಾರ್. ಮೂರು ಸಲ ಅಳೆದೆ," ಎಂದಳು ಟೈಲರಮ್ಮ.

ಬಡಾವಣೆಯ ಮನೆಮಾಲೀಕರ ಸಂಘದಲ್ಲಿ ಮರಗಳ ಉಸ್ತುವಾರಿ ಅವರದು. ಮರದಪ್ಪ ಎಂದು ಜನ ಹೆಸರಿಟ್ಟದ್ದು ಪ್ರೀತಿಯಿಂದೇನೂ ಅಲ್ಲ. ಎದೆಮಟ್ಟದಲ್ಲಿ ಸುತ್ತಳತೆ ಮೂವತ್ತು ಇಂಚು ದಾಟಿದರೆ ಅದು ನಿಮ್ಮದೇ ಅಂಗಳದ ಮರವಾದರೂ ಕಡಿಯುವ ಹಾಗಿಲ್ಲ ಎಂಬುದು ಅಲ್ಲಿನ ನಿಯಮ. ಕಡಿಯಲು ಅಪ್ಪಣೆ ಕೇಳಿದ್ದ ಟೈಲರಮ್ಮನ ಅರ್ಜಿ ಹೋದ ವಾರವೇ ತಿರಸ್ಕಾರವಾಗಿತ್ತು. ಇವತ್ತು ಅವರು ಬಂದದ್ದು ಮರಕ್ಕೆ ನಂಬರಿನ ತಗಡು ಹೊಡೆಯಲು. ತಗಡು ಬಿತ್ತೆಂದರೆ ಮುಗಿಯಿತು, ಮತ್ತೆ ಅರ್ಜಿ ಹಾಕುವಂತಿಲ್ಲ.

ಮರ ನಿಂತಿದ್ದದ್ದು ಹೊಲಿಗೆ ಯಂತ್ರದ ಮುಂದಿನ ಕಿಟಕಿಗೆ ಸರಿಯಾಗಿ. ಮನೆ ಕೊಂಡಾಗ ಸೊಂಟದೆತ್ತರವಿದ್ದದ್ದು ಈಗ ಕಿಟಕಿಯ ಬೆಳಕನ್ನೆಲ್ಲ ನುಂಗಿತ್ತು. ಉಳಿದೆರಡು ಕೋಣೆಗಳ ಕಿಟಕಿಗಳು ಪಕ್ಕದ ಮನೆಯ ಗೋಡೆಯನ್ನು ನೋಡುತ್ತಿದ್ದವು. ಅವಳ ಕಣ್ಣೂ ಮೊದಲಿನಂತಿರಲಿಲ್ಲ. ಹೋದ ತಿಂಗಳು ಕಪ್ಪು ಕೋಟಿಗೆ ಕಡುನೀಲಿ ತೋಳು ಹೊಲಿದಿಟ್ಟಿದ್ದಳು. ಬಲ್ಬಿನ ಬೆಳಕಿನಲ್ಲಿ ಎರಡೂ ಒಂದೇ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಪರವಾಗಿಲ್ಲ ಬಿಡಿ" ಎಂದು ಒಯ್ದವನು ಮತ್ತೆ ಬರಲಿಲ್ಲ. ಇನ್ನೊಂದು ಅಂಥ ತೋಳು ಹೊಲಿದರೆ ಯಂತ್ರಕ್ಕೆ ಮುಸುಕು ಹಾಕುವುದೇ ಸರಿ ಎಂದು ಅವಳಿಗೆ ಗೊತ್ತಿತ್ತು.

"ಕಾಲಿಂಚು ಕಡಿಮೆ ಬರೆದಿದ್ರೆ ಇವಳ ಗಂಟೇನು ಹೋಗ್ತಿತ್ತು, ಕೇಳಿ ಸಾರ್," ಅಂಗಿಗೆ ಗುಂಡಿ ಹಾಕುತ್ತಿದ್ದ ಅವಳ ತಂಗಿ ಬಾಗಿಲಿನಿಂದಲೇ ಅಂದಳು. "ಲೋಕದ ಸತ್ಯವೆಲ್ಲ ಇವಳೊಬ್ಬಳ ತಲೆ ಮೇಲೇ ನಿಂತಿದೆ!"

ಮರದಪ್ಪನಿಗೆ ಗೊಂದಲವಾಯಿತು. ಹನ್ನೊಂದು ವರ್ಷದಲ್ಲಿ ಅವರು ಕಂಡದ್ದೆಲ್ಲ ಕಡಿಮೆ ಬರೆದವರನ್ನೇ. ಒಬ್ಬ ತೊಗಟೆ ಹೆರೆದಿದ್ದ. ಇನ್ನೊಬ್ಬರು ಬುಡಕ್ಕೆ ಎರಡಡಿ ಮಣ್ಣು ಸುರಿದು ಎದೆಮಟ್ಟವನ್ನೇ ಮೇಲಕ್ಕೆ ಕಳಿಸಿದ್ದರು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡವಳು ಇವಳೊಬ್ಬಳೇ.

"ನನ್ನ ಟೇಪಲ್ಲಿ ಇಪ್ಪತ್ತೊಂಬತ್ತೂ ಮುಕ್ಕಾಲು ಬರ್ತಿದೆ. ನೀವು ಹೇಗೆ ಅಳೆದ್ರಿ, ತೋರ್ಸಿ ನೋಡೋಣ."

ಅವಳು ಕೊರಳಿನ ಟೇಪು ತೆಗೆದು ಮರವನ್ನು ತಬ್ಬಿ ಸುತ್ತಿದಳು. ತುದಿಗಳು ಕೂಡುವಾಗ ಎಡಗೈಯ ಎರಡು ಬೆರಳು ತಾವಾಗಿಯೇ ಟೇಪಿನೊಳಗೆ ಸರಿದವು.

"ಆ ಬೆರಳು ಯಾಕಮ್ಮಾ?"

ಅವಳೂ ಆಗಲೇ ನೋಡಿದ್ದು. "ಅಯ್ಯೋ, ಅದು ಕೈಗೆ ಅಭ್ಯಾಸ ಸಾರ್. ಬೆರಳಿಡದೆ ಅಳೆದ್ರೆ ಹಾಕ್ಕೊಂಡೋರು ಉಸಿರಾಡೋದು ಹೇಗೆ?"

"ಮರಕ್ಕೆ ಕೋಟು ಹೊಲಿಯೋಕೆ ಹೊರಟಿದ್ಯೇನೇ!" ತಂಗಿ ಹಣೆ ಚಚ್ಚಿಕೊಂಡಳು.

ಮರದಪ್ಪ ನಕ್ಕುಬಿಟ್ಟರು. ಆ ಬೀದಿಯಲ್ಲಿ ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ತಗಡು, ಮೊಳೆಗಳನ್ನು ಜೇಬಿಗೆ ಹಾಕಿಕೊಂಡು ಅರ್ಜಿ ಬಿಡಿಸಿದರು. "ತಪ್ಪಳತೆ ಅಂತ ತಿದ್ದಬಹುದು. ತಿದ್ದಿದ್ರೆ ಅಪ್ಪಣೆ ಸಿಕ್ಕ ಹಾಗೇ, ನಾಳೇನೇ ಕಡಿಸ್ಕೊಳ್ಳಿ. ಆದ್ರೆ ಅಳತೆ ಅರ್ಜಿದಾರರೇ ತೆಗೀಬೇಕು, ನಾನು ಓದ್ಬೇಕು. ನಿಯಮ. ನಾನೇ ಬರೆದದ್ದು."

ಅವಳು ಮತ್ತೆ ಸುತ್ತಿದಳು. ಬೆರಳು ಮತ್ತೆ ಒಳಗೆ ಹೋಯಿತು.

"ಬೆರಳು," ಎಂದರು ಮರದಪ್ಪ.

ಮೂರು ತಿಂಗಳಿಂದ ದಿನಾ ಬೆಳಗ್ಗೆ ಈ ಮರಕ್ಕೆ ಶಾಪ ಹಾಕಿದವಳು ಅವಳೇ. ಆದರೂ ಕೈ ಮಾತು ಕೇಳಲೊಲ್ಲದು. ಮೂವತ್ತು ವರ್ಷದಲ್ಲಿ ಯಾರ ಮೈಗೂ ಅವಳು ಟೇಪು ಬಿಗಿದಿರಲಿಲ್ಲ. ಸಂಕಟವಾಯಿತು; ಮರಕ್ಕಾಗಿ ಸಂಕಟಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ನೀಲಿ ತೋಳು ನೆನಪಾಯಿತು. ಒಂದು ಬೆರಳು ತೆಗೆದಳು. ಇನ್ನೊಂದನ್ನೂ ತೆಗೆದು, ಉಸಿರು ಬಿಗಿಹಿಡಿದು ಎಳೆದಳು.

"ಇಪ್ಪತ್ತೊಂಬತ್ತೂ ಮುಕ್ಕಾಲು," ಮರದಪ್ಪ ಬರೆದು ಸಹಿ ಹಾಕಿದರು. ಅವಳು ಇನ್ನೂ ಹಿಡಿದೇ ಇದ್ದಳು. "ಬಿಡಿ ಅಮ್ಮಾ, ಆಯ್ತು."

ಟೇಪು ಜಾರಿತು. ಅದು ಒತ್ತಿದ್ದ ಕಡೆ, ತೊಗಟೆಯ ಪಾಚಿಯ ಮೇಲೆ ತೆಳ್ಳಗೆ ಒಂದು ಗೆರೆ ಮೂಡಿತ್ತು. ಮರದಪ್ಪ ಹೊರಟು ಗೇಟಿನ ಸದ್ದಾಗುವವರೆಗೂ ಅವಳು ಅಲ್ಲೇ ನಿಂತು, ಆ ಎರಡು ಬೆರಳಿನಿಂದ ಅದನ್ನು ಮೆಲ್ಲಗೆ ತಿಕ್ಕುತ್ತಿದ್ದಳು.