ಹದಿನಾರನೇ ಮಗುವಿನ ಹಾಳೆ

ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗಲೇ ಮೇಡಂಗೆ ಅದು ಕಂಡದ್ದು. 'ಶಾಂತ' ಎಂಬ ಚೌಕದ ಮನೆಯಲ್ಲಿ ಪೆನ್ಸಿಲ್ಲಿನ ಗುರುತು ಚೊಕ್ಕವಾಗಿ ಕೂತಿತ್ತು. ಪಕ್ಕದ 'ಮುದುಡಿದೆ' ಎಂಬ ಮನೆ ಖಾಲಿ. ಆದರೆ ಅಲ್ಲಿ ಕಾಗದ ತೆಳ್ಳಗಾಗಿ, ಬೆಳಕು ಹಿಂದಿನಿಂದ ತೂರಿಬರುತ್ತಿತ್ತು. ಯಾರೋ ಬರೆದು, ರಬ್ಬರಿನಿಂದ ತಿಕ್ಕಿ, ಊದಿ, ಮತ್ತೆ ತಿಕ್ಕಿದ್ದರು. ಮೇಡಂ ಬೆರಳಾಡಿಸಿ ನೋಡಿದರು. ಇಪ್ಪತ್ತು ಸಾಲುಗಳಲ್ಲಿ ಹದಿನೇಳು ಕಡೆ ಹಾಗೇ ಇತ್ತು.

ಅದು ಹದಿನಾರನೇ ಮಗುವಿನ ಹಾಳೆ. ಎರಡೂವರೆ ವರ್ಷದ ಹೆಣ್ಣುಮಗು.

ಮಾಡುವ ಕೆಲಸವೇನೋ ಸರಳವಾದದ್ದೇ. ಶಿಶುಪಾಲನಾ ಕೇಂದ್ರದಲ್ಲಿ ಅಮ್ಮನೋ ಅಪ್ಪನೋ ಮಗುವನ್ನು ಬಿಟ್ಟು ಹೋದ ಮೇಲಿನ ಹತ್ತು ನಿಮಿಷದ ವಿಡಿಯೊ ಇರುತ್ತದೆ. ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ, ಮಗು ಅಳುತ್ತಿದೆಯೋ, ಆಡುತ್ತಿದೆಯೋ, ಶಾಂತವಾಗಿದೆಯೋ, ಮುದುಡಿದೆಯೋ ಎಂದು ಗುರುತು ಹಾಕಬೇಕು. ಒಂದೇ ವಿಡಿಯೊವನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಒಬ್ಬರ ಹಾಳೆ ಇನ್ನೊಬ್ಬರ ಕಣ್ಣಿಗೆ ಬೀಳಕೂಡದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಎಷ್ಟು ತಾಳೆಯಾಗುತ್ತದೆ ನೋಡಬೇಕು. ಒಟ್ಟು ನಲವತ್ತು ಮಕ್ಕಳು. ಮೇಡಂ ಪೆನ್ನಿನಲ್ಲಿ ಗುರುತು ಹಾಕಿದ್ದರು, ಅವರ ಕೈಕೆಳಗೆ ಓದುವ ಶಿಷ್ಯೆ ಪೆನ್ಸಿಲ್ಲಿನಲ್ಲಿ. ನೂರಕ್ಕೆ ತೊಂಬತ್ತೆಂಟು ತಾಳೆಯಾಗಿತ್ತು. ಹೋದ ವಾರ ಆ ಅಂಕಿ ನೋಡಿ ಹಿಗ್ಗಿದ್ದ ಮೇಡಂಗೆ ಇವತ್ತು ಬೆಳಗ್ಗೆಯಿಂದ ಅದೇ ಅಂಕಿ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿತ್ತು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡಿರ ಮಾತೂ ಅಷ್ಟು ತಾಳೆಯಾಗುವುದಿಲ್ಲ.

ಶುಕ್ರವಾರ ಈ ವರದಿ ಸರ್ಕಾರದ ಸಮಿತಿಯ ಮುಂದೆ ಹೋಗಬೇಕು. ಒಬ್ಬ ಆಯಾ ಎಂಟು ಮಕ್ಕಳನ್ನು ನೋಡಿಕೊಳ್ಳಬೇಕೆಂಬುದು ಈಗಿನ ನಿಯಮ. ಅದನ್ನು ಹದಿನೈದಕ್ಕೆ ಏರಿಸಬಹುದೇ ಎಂದು ಸಮಿತಿ ಕೇಳಿತ್ತು. ನಲವತ್ತರಲ್ಲಿ ಮೂವತ್ತು ಮಕ್ಕಳು ಹತ್ತೇ ನಿಮಿಷದಲ್ಲಿ ಶಾಂತವಾಗುತ್ತವೆ ಎಂದು ಮೇಡಂ ಬರೆದಿದ್ದರು. ಆ ಸಾಲನ್ನು ಓದಿದ ಮೇಲೆ ಸಮಿತಿ ಬೇಡವೆನ್ನಲು ಕಾರಣವೇ ಇರಲಿಲ್ಲ.

ಉಳಿದ ಹಾಳೆಗಳನ್ನೂ ಒಂದೊಂದಾಗಿ ಕಿಟಕಿಗೆ ಹಿಡಿದರು. ತೆಳ್ಳಗಾದ ಹಾಳೆಗಳು ಇದೂ ಸೇರಿ ಹನ್ನೊಂದು ಸಿಕ್ಕವು. ಮೂವತ್ತರಲ್ಲಿ ಹನ್ನೊಂದು ಕಳೆದರೆ ಹತ್ತೊಂಬತ್ತು, ನಲವತ್ತರ ಅರ್ಧಕ್ಕಿಂತ ಕಡಿಮೆ. ಮೇಡಂ ಎದ್ದು ಬಾಗಿಲು ತೆರೆದು, ಹೊರಗೆ ಕೂತಿದ್ದ ಶಿಷ್ಯೆಯನ್ನು ಕರೆದರು.

ವಿಭಾಗದಲ್ಲಿ ಆ ಹುಡುಗಿಗೆ 'ಹೌದಮ್ಮ' ಎಂದೇ ಹೆಸರು. ಪಕ್ಕದ ಮೇಜಿನ, ಎಲ್ಲರೂ ಲಂಬು ಎಂದು ಕರೆಯುವ ಉದ್ದನೆಯ ಹುಡುಗ ತಲೆಯೆತ್ತದೆಯೇ ಹೇಳಿದ್ದು ಒಳಗೂ ಕೇಳಿಸಿತು: "ಹೋಗು ತಾಯಿ, ಒಳಗೆ ಹೋಗಿ ಒಂದು ಡಜನ್ ಹೌದು ಅಂದು ಬಾ."

ಅವಳು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಬ್ಯಾಗು ಹೆಗಲಲ್ಲೇ ಇತ್ತು.

"ಇದು ನೀನೇ ಬರೆದಿದ್ದಾ?"

"ಹೌದು ಮೇಡಂ."

"ಅಳಿಸಿದ್ದೂ ನೀನೇನಾ?"

ಅವಳು ಹಾಳೆಯನ್ನೂ ಕಿಟಕಿಯನ್ನೂ ನೋಡಿದಳು. "ಹೌದು ಮೇಡಂ."

"ನನ್ನ ಹಾಳೆ ನಿನಗೆಲ್ಲಿ ಸಿಕ್ತು?"

"ನೀವೇ ಕೊಟ್ಟಿದ್ರಿ. ಕಂಪ್ಯೂಟರಿಗೆ ಹಾಕಿಬಿಡು ಅಂತ. ಆಗಿನ್ನೂ ನಾನು ನಂದನ್ನ ಒಪ್ಪಿಸಿರಲಿಲ್ಲ."

ಹೌದಲ್ಲ! ಊಟದ ಹೊತ್ತು, ಮೀಟಿಂಗಿಗೆ ಓಡುವ ಅವಸರದಲ್ಲಿ ಇಡೀ ಕಟ್ಟನ್ನು ಅವಳ ಕೈಗಿಟ್ಟು ಹೋಗಿದ್ದು ಮೇಡಂಗೆ ನೆನಪಾಯಿತು. ವರ್ಷಕ್ಕೆ ಹತ್ತು ಸಲ ಬೋರ್ಡಿನ ಮೇಲೆ ಆ ನಿಯಮ ಬರೆಯುವವರು ತಾವೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೂ ಸಿಟ್ಟು ಬಂದದ್ದು ಎದುರಿಗೆ ಕೂತವಳ ಮೇಲೆ.

"ನೋಡಿದೆ ಸರಿ, ಬದಲಾಯಿಸಿಬಿಡೋದಾ? ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರ ಪೈಕಿನಾ ನೀನು?"

"ಹೌದು ಮೇ..." ಅವಳು ತುಟಿ ಕಚ್ಚಿದಳು. "ನೀವು ಮೂವತ್ತು ವರ್ಷದಿಂದ ಮಕ್ಕಳನ್ನ ನೋಡ್ತಾ ಇರೋರು. ನಾನು ಮೂರು ತಿಂಗಳಿಂದ. ನನ್ನ ಕಣ್ಣೇ ಸರಿಯಿಲ್ಲ ಅನ್ಕೊಂಡೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲು ಏನು ಕಂಡಿತ್ತು? ನನಗೆ ಒಪ್ಪೋ ಹಾಗೆ ಬೇಡ. ಕಂಡಿದ್ದು ಹೇಳು."

ಅವಳು ಹಾಳೆಯನ್ನು ತನ್ನತ್ತ ಎಳೆದುಕೊಂಡಳು. "ಅದು ಆಡ್ತಿರಲಿಲ್ಲ ಮೇಡಂ. ಆಯಾ ಒಂದು ಮರದ ತುಂಡು ಕೊಟ್ಟು ಹೋದ್ರಲ್ಲ, ಅದನ್ನ ಹಿಡ್ಕೊಂಡಿತ್ತು ಅಷ್ಟೇ. ಬೇರೆಯವರ ಸಾಮಾನು ಹಿಡ್ಕೊಂಡು ಬಸ್ಸಿಗೆ ಕಾಯ್ತಾರಲ್ಲ, ಹಾಗೆ. ಬಾಗಿಲು ಸದ್ದಾದಾಗೆಲ್ಲ ಎರಡೂ ಕಾಲು ಜೋಡಿಸ್ಕೊಳ್ತಿತ್ತು. ಎದ್ದು ಹೊರಡೋಕೆ."

"ಅಳಲಿಲ್ಲವಲ್ಲ."

"ಇಲ್ಲ. ಅದಕ್ಕೇ ಅಳಿಸಿದೆ. ನೀವು ಮೊದಲನೇ ಕ್ಲಾಸಲ್ಲೇ ಹೇಳಿದ್ರಿ, ನಿಮ್ಮ ಮಗಳು ಮೂರನೇ ದಿನಕ್ಕೆ ಅಳು ನಿಲ್ಲಿಸಿದ್ಲು, ಅಳು ನಿಂತ್ರೆ ಮಗು ಹೊಂದ್ಕೊಂಡ ಹಾಗೆ ಅಂತ. ನಾನು ಬರ್ಕೊಂಡಿದ್ದೀನಿ."

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು ಮೇಡಂಗೆ.

ಮಗಳ ಆ ಕಥೆಯನ್ನು ಅವರು ಪ್ರತಿ ವರ್ಷವೂ ಹೇಳುತ್ತಿದ್ದರು. ಹೊಸ ಹುಡುಗ ಹುಡುಗಿಯರ ಬಿಗುವು ಸಡಿಲಿಸಲು ಅದು ಒಳ್ಳೆಯ ಕಥೆ. ಎಲ್ಲಿ ನಗು ಬರುತ್ತದೆಂದೂ ಗೊತ್ತಿತ್ತು. ಆದರೆ ಅದರ ಒಂದು ತುಂಡನ್ನು ಮಾತ್ರ ಎಂದೂ ಹೇಳಿರಲಿಲ್ಲ, ಹೇಳುವಂಥದ್ದೆಂದು ತೋರಿರಲಿಲ್ಲ. ಆಗಿನ ಆಯಾ ಒಂದು ಸಂಜೆ ಮಗುವನ್ನು ಕೈಗೆ ಕೊಡುತ್ತಾ, "ಬಂಗಾರದಂಥ ಮಗು ಕಣಮ್ಮಾ ನಿಮ್ಮದು, ಒಂಚೂರು ತೊಂದರೆ ಇಲ್ಲ. ಬೂಟು ಮಾತ್ರ ಬಿಚ್ಚೋಕೆ ಬಿಡಲ್ಲ ನೋಡಿ, ಮಲಗಿದ್ರೂ ಬೂಟು ಬೇಕು" ಎಂದಿದ್ದಳು. ಇಬ್ಬರೂ ನಕ್ಕಿದ್ದರು. ಮಗುವೂ ಅವರನ್ನು ನೋಡಿ ನಕ್ಕಿತ್ತು.

ಫೋನು ಬಡಿದುಕೊಂಡಿತು. ಸಮಿತಿಯ ಕಾರ್ಯದರ್ಶಿ. "ಮೇಡಂ, ಶುಕ್ರವಾರ ಪಕ್ಕಾ ತಾನೇ? ಒಳ್ಳೆ ಸುದ್ದಿ ತರ್ತಾರೆ ಅಂತ ಎಲ್ಲರಿಗೂ ಹೇಳಿಟ್ಟಿದ್ದೀನಿ."

ಶಿಷ್ಯೆ ಮುಂದಕ್ಕೆ ಬಾಗಿ ಪಿಸುಗುಟ್ಟಿದಳು. "ಹಾಗೇ ಕಳಿಸಿಬಿಡಿ ಮೇಡಂ. ಯಾರೂ ಬೆಳಕಿಗೆ ಹಿಡಿದು ನೋಡಲ್ಲ."

ಅದು ನಿಜ. ಯಾರೂ ನೋಡುವುದಿಲ್ಲ. ವರದಿ ನಿಂತರೆ ಇವಳ ಪದವಿ ಆರು ತಿಂಗಳು ಹಿಂದೆ ಬೀಳುತ್ತದೆ. ಮೇಡಂ ನಿವೃತ್ತಿಯಾಗುವ ವರ್ಷದಲ್ಲಿ ಊರೆಲ್ಲ ಆಡಿಕೊಳ್ಳಲು ಒಂದು ಮಾತು ಸಿಗುತ್ತದೆ. ಮೇಡಂ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

"ಶುಕ್ರವಾರ ಆಗಲ್ಲ."

"ಯಾಕೆ? ಏನಾಯ್ತು?"

"ಮಕ್ಕಳನ್ನ ನಾನು ಸರಿಯಾಗಿ ನೋಡಿಲ್ಲ. ಹನ್ನೊಂದು ಮಕ್ಕಳನ್ನ."

"ನೋಡಿ, ಸಮಿತಿ ಕಾಯಲ್ಲ. ಬೇರೆಯವರ ಅಂಕಿ ಇಟ್ಕೊಂಡು ತೀರ್ಮಾನ ಮಾಡಿಬಿಡ್ತಾರೆ. ಆಮೇಲೆ ನನ್ನನ್ನ ದೂರಬೇಡಿ."

"ದೂರಲ್ಲ. ತಪ್ಪು ನಂದೇ ಅಂತ ಇವತ್ತೇ ಬರೆದು ಕಳಿಸ್ತೀನಿ. ಅದನ್ನ ಓದಿದ ಮೇಲೆ ಏನು ಬೇಕಾದ್ರೂ ಮಾಡಲಿ."

ಮೇಡಂ ಫೋನಿಟ್ಟರು. ಶಿಷ್ಯೆಯ ಮುಖದಲ್ಲಿ ರಕ್ತವಿರಲಿಲ್ಲ.

"ನನ್ನ ಪದವಿ, ಮೇಡಂ..."

"ತಡ ಆಗುತ್ತೆ. ಹಾಳೆ ಕೊಟ್ಟಿದ್ದು ನಾನು ಅಂತ ಪದವಿ ಕೊಡೋರಿಗೂ ಬರೀತೀನಿ. ಆದ್ರೂ ತಡ ಆಗುತ್ತೆ."

ಅವಳು ತಲೆ ತಗ್ಗಿಸಿದಳು. ಈ ಸಲ ಹೌದೆನ್ನಲಿಲ್ಲ.

"ನಾಳೆಯಿಂದ ಈ ಹಾಳೆಗಳನ್ನ ಕಾಣದೇ ಇರೋರು ಇಬ್ಬರು ಕೂತು ಮೊದಲಿಂದ ಗುರುತು ಹಾಕಲಿ. ಲಂಬುಗೂ ಹೇಳು, ಬಾಯಿಗಿಂತ ಕಣ್ಣು ಜಾಸ್ತಿ ಬಳಸೋದು ಕಲೀತಾನೆ." ಮೇಡಂ ಡ್ರಾಯರಿನಿಂದ ಎರಡು ಖಾಲಿ ಹಾಳೆ ತೆಗೆದರು. "ಇವತ್ತಿಂದು ಯಾವ ಲೆಕ್ಕಕ್ಕೂ ಅಲ್ಲ. ನಾನೊಂದು ಸಲ ನೋಡಬೇಕು. ನೀನೂ ನೋಡು. ಬ್ಯಾಗು ಕೆಳಗಿಡಮ್ಮಾ."

ಅವಳು ಹೆಗಲು ಮುಟ್ಟಿಕೊಂಡಳು, ಬ್ಯಾಗಿದ್ದದ್ದು ಈಗಷ್ಟೇ ಗೊತ್ತಾದವಳಂತೆ.

ಇಬ್ಬರ ನಡುವೆ ಮೇಡಂ ಎರಡು ದಪ್ಪ ಫೈಲುಗಳನ್ನು ಗೋಡೆಯ ಹಾಗೆ ನಿಲ್ಲಿಸಿದರು. ಪೆನ್ನನ್ನು ಪಕ್ಕಕ್ಕೆ ಸರಿಸಿ, ಅವಳ ಡಬ್ಬಿಯಿಂದಲೇ ಒಂದು ಪೆನ್ಸಿಲ್ ತೆಗೆದುಕೊಂಡರು. ಪರದೆಯ ಮೇಲೆ ಬಾಗಿಲು ಮುಚ್ಚಿಕೊಂಡಿತು. ಮಗು ಗೋಡೆಗೊರಗಿ ಕೂತಿತು. ಆಯಾ ಬಂದು ಕೈಗೊಂದು ಮರದ ತುಂಡು ಕೊಟ್ಟು, ಆ ಕಡೆ ಅಳುತ್ತಿದ್ದ ಇನ್ನೊಂದು ಮಗುವಿನತ್ತ ಓಡಿದಳು. ಹೊರಗೆಲ್ಲೋ ಚಿಲಕದ ಸದ್ದಾಯಿತು. ಪುಟ್ಟ ಬೂಟುಗಳೆರಡೂ ಪಕ್ಕಪಕ್ಕಕ್ಕೆ ಬಂದು ನಿಂತವು.

ಅರ್ಧ ನಿಮಿಷ ಮುಗಿಯಿತು. ಮೇಡಂ ಪೆನ್ಸಿಲ್ ಹಿಡಿದುಕೊಂಡೇ ಇದ್ದರು. ಫೈಲುಗಳ ಆಚೆಯಿಂದ ಗುರುತು ಹಾಕುವ ಸದ್ದು ಕೇಳಿಸಿತು, ಒಂದು ಸಲ, ಒತ್ತಿ.